ಕೊನೆಯ ಎಪ್ಪತ್ತೆರಡು ಸಾಲುಗಳು

ನಾಳೆ ಹೊಳೆಯಲ್ಲಿ ನೀರು ಎಷ್ಟಿರುತ್ತದೆ ಎಂದು ಇವತ್ತು ಹೇಳುವುದು ನನ್ನ ಕೆಲಸವಾಗಿತ್ತು. ಕೃಷ್ಣಾ ದಂಡೆಯ ರೈತರು ಕೂಡಿ ಕಟ್ಟಿಕೊಂಡ ಒಂದು ಏತ ನೀರಾವರಿ ಸಂಘದಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಕಿ-ಅಂಶ ಸಹಾಯಕಿಯಾಗಿದ್ದೆ. ಕಚೇರಿ ಶಹಾಪುರದಲ್ಲಿ, ಪಂಪುಗಳು ವಡಗೇರಾ ಕಡೆಯ ದಂಡೆಯ ಮೇಲೆ. ನಾನು ಸುರಪುರದವಳು. ಅಲ್ಲಿಯೇ ಕಾಲೇಜು ಓದಿ, ಸಂಖ್ಯಾಶಾಸ್ತ್ರದ ಬಿ.ಎಸ್ಸಿ. ಹಿಡಿದುಕೊಂಡು ಈ ಕೆಲಸಕ್ಕೆ ಬಂದೆ. ಹೋದ ವರ್ಷ ನಿವೃತ್ತಳಾದೆ.

ಸಂಘಕ್ಕೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ಮನೆಗೆ ಬಂದು, ಕೆಲಸ ಹೇಗಿತ್ತು ಬರೆದುಕೊಡಿ ಎಂದು ಕೇಳಿದರು. ಬರೆಯಲು ಕುಳಿತರೆ ಕೈ ಒಂದೇ ದಿನದ ಕಡೆಗೆ ಹೋಗುತ್ತದೆ. ಆ ದಿನ ನಾನು ಸಹಿ ಮಾಡಿದ ಚೀಟಿಯನ್ನು ನಂಬಿ ಹನ್ನೆರಡು ಜನ ಆಳವಾದ ಕಾಲುವೆಗೆ ಇಳಿದರು. ಚೀಟಿ ತಪ್ಪಾಗಿತ್ತು. ಅಲ್ಲಿಗೆ ಬರುವ ಮೊದಲು ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ತಪ್ಪು ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ.

ಹೊಳೆಯಿಂದ ಪಂಪಿನ ಬಾವಿಗೆ ನೀರು ತರಲು ಒಂದು ಕಾಲುವೆ ಇದೆ. ಸುಮಾರು ನೂರು ಅಡಿ ಉದ್ದ, ಎರಡಾಳಿನಷ್ಟು ಆಳ, ಎರಡೂ ಕಡೆ ಕಡಿದಾದ ಮಣ್ಣಿನ ಗೋಡೆ. ಮೇಲೆ ಹತ್ತಲು ಮೆಟ್ಟಿಲು ಇರುವುದು ಬಾವಿಯ ಕಡೆ ಮಾತ್ರ. ಹೊಳೆಗೆ ಹೊಸ ನೀರು ಬಂದು ಇಳಿದ ಮೇಲೆ ಈ ಕಾಲುವೆಯಲ್ಲಿ ಹೂಳು ತುಂಬುತ್ತದೆ. ಆಗ ಕಾಲುವೆಯ ಹೊಳೆ ಕಡೆಯ ಬಾಯಿಗೆ ಮರಳಿನ ಚೀಲದ ಒಡ್ಡು ಹಾಕಿ, ಒಳಗಿನ ನೀರನ್ನು ಹೊರಗೆ ಹಾಕಿ, ಜನ ಇಳಿದು ಬುಟ್ಟಿಯಿಂದ ಹೂಳು ಎತ್ತಬೇಕು. ಹೊಳೆ ಇಳಿಮುಖವಾಗಿದ್ದರೆ ಭಯವಿಲ್ಲ. ಏರುಮುಖವಾಗಿದ್ದರೆ ಆ ಒಡ್ಡು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ಸಂಘದ ಕಟ್ಟಳೆ: ಇವತ್ತು ಸಂಜೆಯವರೆಗೆ ನೀರು ಏರುವುದಿಲ್ಲ ಎಂದು ಅಂಕಿ-ಅಂಶ ಸಹಾಯಕಿ ಸಹಿ ಮಾಡಿದ ಚೀಟಿ ಇಲ್ಲದೆ ಯಾರೂ ಇಳಿಯುವಂತಿಲ್ಲ.

ಮೊದಲ ವರ್ಷಗಳಲ್ಲಿ ಅಂದಾಜನ್ನು ಕೈಯಿಂದಲೇ ಹಾಕುತ್ತಿದ್ದೆ. ದಂಡೆಯ ಮೇಲಿನ ಅಳತೆ ಹಲಗೆಯನ್ನು ನೋಡಿ ಭೀಮಣ್ಣ ಅಂಕಿ ಹೇಳುತ್ತಿದ್ದ. ಅವನು ಸಂಘದ ಮಟ್ಟಗಾರ, ನನಗಿಂತ ನಾಲ್ಕು ವರ್ಷ ದೊಡ್ಡವನು. ಅಂಕಿಗಳನ್ನು ರಿಜಿಸ್ಟರಿಗೆ ಏರಿಸಿ, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು, ಪೆನ್ಸಿಲ್ಲಿನಿಂದ ಗೆರೆ ಎಳೆದು, ಅದರ ಬಾಗು ನೋಡಿ ಮುಂದಿನದನ್ನು ಊಹಿಸುತ್ತಿದ್ದೆ. ಕಾರ್ಯದರ್ಶಿ ಸಿದ್ರಾಮಪ್ಪ ಸಾಹೇಬರು ಪ್ರತಿ ಸೋಮವಾರ ರಿಜಿಸ್ಟರ್ ತೆರೆಸಿ, ಕನ್ನಡಕ ಒರೆಸಿಕೊಂಡು ಮೊದಲ ಪುಟದಿಂದ ನೋಡುತ್ತಿದ್ದರು.

"ಹಳೇದು ಮ್ಯಾಲೆ, ಹೊಸದು ತಳಗ. ನಡು ಒಂದ್ ಸಾಲು ಖಾಲಿ ಇರಬಾರದು," ಎನ್ನುವುದು ಅವರ ಮಾತು. "ರಿಜಿಸ್ಟರ್ ಅಂದ್ರ ಮನಷಾ ಇದ್ದಂಗ ನೋಡ್ರಿ ಸರೋಜಾಬಾಯಿ. ತಲಿ ಮ್ಯಾಲಿರಬೇಕು, ಕಾಲು ತಳಗಿರಬೇಕು."

ಆ ಪಾಠವನ್ನು ನಾನು ಚೆನ್ನಾಗಿ ಕಲಿತೆ. ಅಗತ್ಯಕ್ಕಿಂತ ಚೆನ್ನಾಗಿಯೇ ಕಲಿತೆ.

ಒಂದು ಮಳೆಗಾಲದಲ್ಲಿ ಭೀಮಣ್ಣನ ಅಂಕಿಗಳು ಎಷ್ಟು ಚೆಂದ ಬಂದವೆಂದರೆ ಗಂಟೆಗೆ ಸರಿಯಾಗಿ ಎರಡು ಬೆರಳು ಇಳಿತ. ನನ್ನ ಗೆರೆ ದಾರ ಹಿಡಿದು ಎಳೆದಂತೆ ನೇರ. ಸಾಹೇಬರ ಮುಂದೆ ಹಾಳೆ ಹರಡಿ ಅವನನ್ನು ಹೊಗಳಿದೆ. ಮರುವಾರ ಸೈದಾಪುರದಿಂದ ಬಂದ ಒಬ್ಬ ಬಂಧು, "ನಿಮ್ ಭೀಮಣ್ಣ ನಮ್ಮೂರ ಲಗ್ನದಾಗ ಎರಡು ದಿನ ಭಾಳ ಓಡ್ಯಾಡಿದ ನೋಡ್ರಿ, ಊಟಕ್ಕ ಬಡಸೋದೆಲ್ಲ ಅವನೇ," ಎಂದರು. ಯಾವ ಎರಡು ದಿನ ಎಂದು ಕೇಳಿದೆ. ಅವೇ ಎರಡು ದಿನ.

ಕೇಳಿದರೆ ಭೀಮಣ್ಣ ತಲೆ ಕೆರೆದುಕೊಂಡ. "ತಪ್ಪಾಗ್ಯಾದ್ರಿ ಅಕ್ಕಾರ. ಹೊಳಿ ಇಳಿಯಾಕತ್ತಿತ್ತು ಅಂತ ಗೊತ್ತಿತ್ತು, ಅದಕ್ಕ ನಾನೂ ಇಳಿಸ್ಕೊಂತ ಹೋದೆ."

ಅಂದಿನಿಂದ ಅವನು ಹೇಳಿದ್ದನ್ನೆಲ್ಲ ನಾನು ಅರ್ಧ ಮಾತ್ರ ನಂಬಿದೆ. ಇದನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ.

ಮುಂದೆ ಹಲಗೆಯ ಪಕ್ಕದ ಕಂಬಕ್ಕೆ ಒಂದು ಯಂತ್ರ ಕೂಡಿಸಿದರು. ಅದು ಗಂಟೆಗೊಮ್ಮೆ ಮಟ್ಟವನ್ನು ತಾನೇ ಕಚೇರಿಗೆ ಕಳಿಸುತ್ತಿತ್ತು. ಭೀಮಣ್ಣ ದಿನಕ್ಕೆ ಮೂರು ಸಲ ಹಲಗೆ ನೋಡಿ ತಾಳೆ ಹಾಕಿದರೆ ಸಾಕಾಯಿತು. ರಿಜಿಸ್ಟರ್ ಹೋಗಿ ಕಂಪ್ಯೂಟರಿನ ಹಾಳೆ ಬಂತು. ಆಮೇಲೆ ಯಾದಗಿರಿಯಿಂದ ನಾಜ್ನೀನ್ ಬಂದಳು. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವಳು, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಮುನ್ನಂದಾಜನ್ನು ಮಾಡಿಕೊಡುವ ವೆಬ್ ಸೇವೆಯೊಂದನ್ನು ಹುಡುಕಿದವಳು ಅವಳೇ.

ಎಪಿಐ ಎಂಬ ಶಬ್ದ ಅವಳ ಬಾಯಲ್ಲಿ ಮೊದಲು ಕೇಳಿದಾಗ ಏನೆಂದು ಕೇಳಿದೆ. "ಕಿಂಡಿ ಅಂತ ತಿಳ್ಕೊಳ್ರಿ ಅಕ್ಕಾ," ಎಂದಳು. "ನಾವು ಕಿಂಡಿಯಾಗ ಹಿಂದಿನ ಅಂಕಿ ಹಾಕ್ತೀವಿ. ಆ ಕಡಿ ಯಾರೋ ಲೆಕ್ಕ ಮಾಡಿ ಮುಂದಿನ ಅಂಕಿ ವಾಪಸ್ ಕೊಡ್ತಾರ. ಒಳಗ ಯಾರಿದ್ದಾರ ನಮಗ ಕಾಣಂಗಿಲ್ಲ."

ಮೊದಲು ಎರಡು ದಿನದ ನಲವತ್ತೆಂಟು ಅಂಕಿಗಳನ್ನು ವೆಬ್ ವಿಳಾಸದ ಬಾಲಕ್ಕೇ ಹಚ್ಚಿ ಕಳಿಸುತ್ತಿದ್ದೆವು. ಎರಡು ಕ್ಷಣದಲ್ಲಿ ಉತ್ತರ. ಸಿದ್ರಾಮಪ್ಪ ಸಾಹೇಬರು ಹಿಂದೆ ನಿಂತು ನೋಡಿ, "ಇಷ್ಟ್ ಜಲ್ದಿ ಲೆಕ್ಕ ಆಗ್ತದಂದ್ರ ಅವ ಏನೋ ಹಾರಿಸ್ಯಾನ," ಎಂದರು. ನಾವು ನಕ್ಕೆವು.

ಎರಡು ದಿನದ ಅಂಕಿಯಿಂದ ಬಂದ ಅಂದಾಜು ಹೊಳೆ ಇಳಿಯುವಾಗ ಸರಿ ಬರುತ್ತಿತ್ತು, ತಿರುಗುವಾಗ ತಪ್ಪುತ್ತಿತ್ತು. ಒಂದು ತಿಂಗಳಿನದನ್ನು ಕಳಿಸಿ ನೋಡೋಣ ಎಂದೆ. ವಿಳಾಸ ಉದ್ದವಾಯಿತೆಂದು ಆ ಕಡೆಯವರು ತಿರಸ್ಕರಿಸಿದರು. ಹೀಗೆ ತಿರಸ್ಕರಿಸಿದರೆ ಅದೊಂದು ಉಪಕಾರ, ಏಕೆಂದರೆ ತಪ್ಪಾಗಿದೆ ಎಂದು ಗೊತ್ತಾಗುತ್ತದೆ. ನಾಜ್ನೀನ್ ದಾರಿ ಬದಲಿಸಿದಳು. ಅಂಕಿಗಳನ್ನು ವಿಳಾಸದಲ್ಲಿ ಬರೆಯುವುದು ಬಿಟ್ಟು, ಲಕೋಟೆಯ ಒಳಗೆ ಇಟ್ಟಂತೆ ಫೈಲಾಗಿ ಕಳಿಸತೊಡಗಿದಳು. ತಿಂಗಳಿನದು ಹೋಯಿತು. ಆರು ತಿಂಗಳಿನದು ಹೋಯಿತು. ಫೈಲು ದೊಡ್ಡದಾದಂತೆ ಉತ್ತರಕ್ಕೆ ಕಾಯುವುದು ಹೆಚ್ಚಾಯಿತು. ಕೆಲವೊಮ್ಮೆ ನಡುವೆಯೇ ಸಂಪರ್ಕ ಕಡಿದುಹೋಗುತ್ತಿತ್ತು. ಆಗ ಫೈಲನ್ನು ಕುಗ್ಗಿಸಿ ಕಳಿಸಿ, ಅವರು ಕೊಟ್ಟ ಒಂದು ಗುರುತಿನ ಸಂಖ್ಯೆ ಹಿಡಿದು ಕಾಯ್ದು, ಐದು ನಿಮಿಷ ಬಿಟ್ಟು ಹೋಗಿ ಉತ್ತರ ಕೇಳುವ ವ್ಯವಸ್ಥೆ ಮಾಡಿದಳು.

ಮುಂದಿನ ಮಳೆಗಾಲ ಶುರುವಾದಾಗ ಹಿಂದಿನ ಮಳೆಗಾಲದ ಏರಿಳಿತವೂ ಲೆಕ್ಕಕ್ಕೆ ಸಿಗಬೇಕೆಂದು ನಾನು ಹಟ ಹಿಡಿದೆ. ಹೋದ ವರ್ಷದ ಜೂನ್‌ನಿಂದ ಇಲ್ಲಿಯವರೆಗಿನದೆಲ್ಲ ಒಂದೇ ಫೈಲಿನಲ್ಲಿ ಹೋಗಬೇಕು.

ನಾಜ್ನೀನ್ ಒಂದು ಮಾತು ಹೇಳಿದಳು. "ಅಕ್ಕಾ, ಹಂಗಾದ್ರ ಹೊಸದು ಮ್ಯಾಲೆ ಮಾಡಿ ಕಳಸ್ಲೇನು? ಇಲ್ಲಾ ದಿನಾ ಹಳೇ ಒಂದು ದಿನದ್ದು ಕತ್ತರಿಸಿ ಹಾಕ್ಲೇನು? ಹಿಂಗ ಬೆಳಕೋಂತ ಹೋದ್ರ ಎಲ್ಲೋ ಒಂದ್ ಕಡಿ ಸಾಕಂತಾರ ಅವರು."

"ಬ್ಯಾಡ," ಎಂದೆ. "ತಲಿ ಕಡದ್ರ ಅದು ರಿಜಿಸ್ಟರ್ ಅನಿಸ್ಕೊಳ್ಳಂಗಿಲ್ಲ. ತಲಿಕೆಳಗ ಮಾಡೋದಂತೂ ಬ್ಯಾಡೇ ಬ್ಯಾಡ. ಹೆಂಗ್ ಅದ ಹಂಗೇ ಕಳಸು."

ಅವಳು ಹಾಗೆಯೇ ಕಳಿಸಿದಳು. ನಾಲ್ಕು ದಿನ ಪರೀಕ್ಷೆ ಮಾಡಿದೆವು. ನಾಲ್ಕೂ ದಿನ ಅಂದಾಜು ಹೊಳೆಯೊಂದಿಗೆ ಹೆಗಲಿಗೆ ಹೆಗಲು ಕೊಟ್ಟು ನಡೆಯಿತು. ಸಾಹೇಬರಿಗೆ ಸಂತೋಷವಾಯಿತು. ಇನ್ನು ಗ್ರಾಫ್ ಹಾಳೆ ಬೇಡ ಎಂದರು. ನಾನೂ ಬೇಡ ಎಂದುಕೊಂಡೆ.

ಆ ಸೇವೆ ಒಂದು ಸಲಕ್ಕೆ ಹತ್ತು ಸಾವಿರ ಸಾಲುಗಳನ್ನು ಮಾತ್ರ ಓದುತ್ತಿತ್ತು. ಹೆಚ್ಚು ಬಂದರೆ ತಿರಸ್ಕರಿಸುತ್ತಿರಲಿಲ್ಲ, ಮೊದಲ ಹತ್ತು ಸಾವಿರ ಓದಿ ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಎಷ್ಟು ಓದಿದೆ ಎಂಬುದನ್ನು ಉತ್ತರದ ಕೊನೆಯಲ್ಲಿ ಬರೆದೂ ಇರುತ್ತಿತ್ತು. ನಮ್ಮ ಪರದೆಯ ಮೇಲೆ ಆ ಸಾಲನ್ನು ನಾವು ತೋರಿಸಿಕೊಂಡಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ನಮ್ಮ ಫೈಲು ಹತ್ತು ಸಾವಿರದ ಒಳಗೇ ಇತ್ತು. ಆದರೆ ದಿನಕ್ಕೆ ಇಪ್ಪತ್ತನಾಲ್ಕು ಸಾಲು ಸೇರುತ್ತಿದ್ದವು. ಐದನೆಯ ದಿನ ಅದು ಗೆರೆ ದಾಟಿತು. ಹಳೆಯದು ಮೇಲೆ, ಹೊಸದು ಕೆಳಗೆ ಇದ್ದುದರಿಂದ ಆ ಸೇವೆ ಬಿಟ್ಟದ್ದು ಯಾವಾಗಲೂ ಹೊಸದನ್ನು. ಎಂಟನೆಯ ದಿನ ಬೆಳಿಗ್ಗೆಯ ಹೊತ್ತಿಗೆ ಅದಕ್ಕೆ ಕೊನೆಯ ಎಪ್ಪತ್ತೆರಡು ಸಾಲುಗಳು, ಅಂದರೆ ಮೂರು ದಿನದ ಹೊಳೆ, ಗೊತ್ತೇ ಇರಲಿಲ್ಲ. ಉತ್ತರದಲ್ಲಿ ತಾರೀಖು ಇರುತ್ತಿರಲಿಲ್ಲ. ಬಂದ ಅಂಕಿಗಳ ಪಕ್ಕದಲ್ಲಿ ಇವತ್ತಿನ ತಾರೀಖನ್ನು ಹಚ್ಚುತ್ತಿದ್ದವರು ನಾವೇ.

ಇದೆಲ್ಲ ಆಮೇಲೆ ಗೊತ್ತಾದದ್ದು.

ಎಂಟನೆಯ ದಿನ ಹೂಳು ಎತ್ತುವ ದಿನ. ಭತ್ತದ ಗದ್ದೆಗಳಿಗೆ ನೀರು ಹೋಗಿ ವಾರವಾಗಿತ್ತು, ಪಂಪು ಕೆಸರು ಕುಡಿದು ನಿಂತಿತ್ತು. ಬೆಳಿಗ್ಗೆ ಅಂದಾಜು ತೆಗೆದೆ. ಸಂಜೆಗೆ ಒಂದು ಅಡಿ ಇಳಿತ ಎಂದು ಬಂತು. ನಾನು ಒಂದು ತಾಳೆ ನೋಡುವುದಿತ್ತು. ಅಂದಾಜಿನ ಮೊದಲ ಅಂಕಿಗೂ ಈಗಿನ ಮಟ್ಟಕ್ಕೂ ಹೋಲಿಕೆ ಇದೆಯೇ ಎಂದು. ಇತ್ತು. ಮೂರು ದಿನದ ಹಿಂದೆ ಹೊಳೆ ಇಳಿಯುತ್ತ ಯಾವ ಮಟ್ಟವನ್ನು ದಾಟಿತ್ತೋ, ನಡುವೆ ತಳ ಮುಟ್ಟಿ, ಮೇಲಿನ ಹಳ್ಳಗಳ ಮಳೆಗೆ ಮತ್ತೆ ಏರುತ್ತ ಅದೇ ಮಟ್ಟಕ್ಕೆ ಬಂದಿತ್ತು. ಅಂಕಿ ಒಂದೇ, ದಿಕ್ಕು ಬೇರೆ. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟಿದ್ದರೆ ನನ್ನ ಪೆನ್ಸಿಲ್ಲು ತಾನಾಗಿಯೇ ಮೇಲಕ್ಕೆ ತಿರುಗುತ್ತಿತ್ತು. ಇಟ್ಟಿರಲಿಲ್ಲ. ಚೀಟಿಗೆ ಸಹಿ ಮಾಡಿ ಜೀಪು ಹತ್ತಿದೆ.

ದಂಡೆಗೆ ಹೋದಾಗ ಹನ್ನೆರಡು ಜನ ಬುಟ್ಟಿ, ಸಲಿಕೆ ಹಿಡಿದು ಕುಳಿತಿದ್ದರು. ಅವರ ಮುಂದಾಳು ಯಂಕಮ್ಮ. ನಲವತ್ತರ ಗಟ್ಟಿ ಹೆಂಗಸು, ಮಾತು ಚುರುಕು. "ಬಂತಪ್ಪ ಸಾಕ್ಷಾತ್ ಶಾರದಾ ದೇವಿ ಸಹಿ," ಎಂದು ನಗಿಸಿ, ಚೀಟಿ ತಗೊಂಡು ಸೀರೆಯ ಸೆರಗಿಗೆ ಕಟ್ಟಿಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಸಹಿ ಇದೆಯೇ ಎಂದಷ್ಟೇ ನೋಡುತ್ತಿದ್ದಳು. ಎಲ್ಲರೂ ಇಳಿದರು.

ಅರ್ಧ ಗಂಟೆಯಾಗಿರಬೇಕು. ಭೀಮಣ್ಣ ಒಡ್ಡಿನ ಕಡೆಯಿಂದ ಬಂದ.

"ಅಕ್ಕಾರ, ನೀರಿನ ಬಣ್ಣ ಬದಲಾಗ್ಯಾದ. ನಾ ಮುಂಜಾನಿ ಒಂದು ಕಡ್ಡಿ ನೆಟ್ಟಿದ್ದೆ. ಮುಳುಗ್ಯಾದ."

"ಕಂಪ್ಯೂಟರ್ ಇಳಿತ ಅನ್ನಾಕತ್ತದ ಭೀಮಣ್ಣ."

"ಕಂಪ್ಯೂಟರ್ ಹೊಳಿ ನೋಡ್ಯಾದೇನ್ರಿ?"

"ನೀ ನೋಡೀಯೇನು, ಇಲ್ಲಾ ಸೈದಾಪುರದಾಗ ಕುಂತು ಹೇಳಾಕತ್ತೀಯೇನು?"

ಹಳೆಯ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ಅವನ ಮುಖ ಸಣ್ಣದಾಯಿತು. ನನ್ನ ಕೈಲಿದ್ದ ಅಂದಾಜಿನ ಹಾಳೆಯನ್ನು ಒಂದು ಸಲ ನೋಡಿದ. "ನೀವು ಅದನ್ನ ಹಿಡಕೊಂಡು ನಿಂದರ್ರಿ," ಎಂದವನೇ ಜೀಪಿನ ಹಿಂದಿದ್ದ ಹಗ್ಗ ತೆಗೆದುಕೊಂಡು ಒಡ್ಡಿನ ಕಡೆಗೆ ಹೋದ. ಹೋಗುತ್ತಲೇ ಕಾಲುವೆಗೆ ಬಗ್ಗಿ ಕೂಗಿದ. "ಮ್ಯಾಲೆ ಬರ್ರಿ ಎಲ್ಲಾರೂ. ಬುಟ್ಟಿ ಅಲ್ಲೇ ಬಿಡ್ರಿ."

ಕೆಳಗಿನವರು ತಲೆಯೆತ್ತಿ ನನ್ನನ್ನು ನೋಡಿದರು. ಸಹಿ ಮಾಡಿದವಳು ನಾನು. ನಾನು ಏನೂ ಹೇಳಲಿಲ್ಲ. ಎಷ್ಟು ಹೊತ್ತು ಹೇಳಲಿಲ್ಲ ಎಂಬುದನ್ನು ಇವತ್ತಿಗೂ ಅಳೆಯುತ್ತೇನೆ. ಹತ್ತು ಎಣಿಸುವಷ್ಟು ಇರಬಹುದು. ಮೂವತ್ತು ಎಣಿಸುವಷ್ಟೂ ಇರಬಹುದು. ಆ ಹೊತ್ತಿನಲ್ಲಿ ನಾನು ಹಾಳೆಯ ಅಂಕಿಗಳನ್ನು ಇನ್ನೊಮ್ಮೆ ಓದುತ್ತಿದ್ದೆ. ಆಮೇಲೆ ಒಡ್ಡಿನ ಮೇಲಿನ ಸಾಲಿನ ಒಂದು ಚೀಲ ಒಳಮುಖವಾಗಿ ಮಗುಚಿತು. ಸದ್ದೇ ಆಗಲಿಲ್ಲ. ಅದರ ಜಾಗದಲ್ಲಿ ಕೆಂಪು ನೀರು ಒಂದು ಅಂಗೈ ಅಗಲಕ್ಕೆ ಇಳಿಯತೊಡಗಿತು.

"ಬರ್ರಿ," ಎಂದು ಕೂಗಿದೆ. ಕಾಲುವೆಯ ಅಂಚಿಗೆ ಓಡಿ ಮತ್ತೆ ಕೂಗಿದೆ.

ಹನ್ನೊಂದು ಜನ ಬಾವಿಯ ಕಡೆಯ ಮೆಟ್ಟಿಲಿಗೆ ಓಡಿ ಮೇಲೆ ಹತ್ತಿಕೊಂಡರು. ಒಡ್ಡಿನ ಹತ್ತಿರ, ಎಲ್ಲರಿಗಿಂತ ದೂರ ಇದ್ದವಳು ಯಂಕಮ್ಮ. ತೊಡೆಯವರೆಗೆ ಹೂಳಿನಲ್ಲಿ ಹೂತಿದ್ದಳು. ಓಡಲು ಹೋದಷ್ಟೂ ಕಾಲು ಒಳಗೆ ಹೋಯಿತು. ಭೀಮಣ್ಣ ಮೇಲಿನ ಜಾಲಿ ಗಿಡಕ್ಕೆ ಒಂದು ಸುತ್ತು ಹಾಕಿ ಹಗ್ಗ ಬಿಟ್ಟ. "ಕೈಗೆ ಸುತ್ಕೋಬ್ಯಾಡ, ರಟ್ಟಿ ಹೋಗ್ತದ. ಕಂಕಳಾಗ ಹಾಕ್ಕೋ. ಜಗ್ಗಾಡಬ್ಯಾಡ, ಮಕ್ಕೋ, ನೀರಿನ ಮ್ಯಾಲೆ ಮಕ್ಕೋ," ಎಂದು, ದನಕ್ಕೆ ಹೇಳಿದಷ್ಟು ನಿಧಾನವಾಗಿ ಹೇಳಿದ. ನೀರು ಅವಳ ಎದೆಯ ತನಕ ಬಂದಿತ್ತು. ಅವಳು ಹಿಂದಕ್ಕೆ ಒರಗಿದಳು. ಬಂದ ನೀರೇ ಹೂಳನ್ನು ಸಡಿಲಿಸಿತು. ಅವನು, ನಾನು, ಜೀಪಿನ ಚಾಲಕ ಮೂವರೂ ಎಳೆದೆವು. ಗೋಡೆಯ ಮೇಲೆ ಅವಳ ತಲೆ ಕಂಡ ಹೊತ್ತಿಗೆ ಹಿಂದೆ ಒಡ್ಡು ಪೂರ್ತಿ ಹೋಯಿತು. ಹತ್ತು ಬುಟ್ಟಿಗಳು ಒಂದರ ಹಿಂದೊಂದು ಬಾವಿಯ ಕಡೆಗೆ ಓಡಿದವು. ಒಂದು ಕ್ಷಣ ನಾನು ಅವುಗಳನ್ನು ಜನರೆಂದು ತಿಳಿದೆ.

ಯಂಕಮ್ಮ ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಎದ್ದು ಕುಳಿತು ಸೆರಗಿನ ಗಂಟು ಬಿಚ್ಚಿದಳು. ಚೀಟಿ ಮುದ್ದೆಯಾಗಿತ್ತು. ಅದನ್ನು ನನ್ನ ಕೈಯಲ್ಲಿಟ್ಟಳು.

ಕಚೇರಿಗೆ ಬಂದ ಮೇಲೆ ನಾಜ್ನೀನ್ ಮತ್ತು ನಾನು ಬಾಗಿಲು ಹಾಕಿಕೊಂಡು ಕಾರಣ ಹುಡುಕಿದೆವು. ಆ ಕಡೆಯಿಂದ ಬಂದ ಪೂರ್ತಿ ಉತ್ತರವನ್ನು ಅವಳು ತೆರೆದಳು. ಕೊನೆಯ ಸಾಲಿನಲ್ಲಿ ಓದಿದ್ದು ಎಷ್ಟು ಎಂದು ಬರೆದಿತ್ತು. ನಮ್ಮ ಫೈಲಿನ ಸಾಲುಗಳನ್ನು ಎಣಿಸಿದಳು. ಕಳೆದಳು. ಎಪ್ಪತ್ತೆರಡು. ಅವಳ ಕಣ್ಣಲ್ಲಿ ನೀರು ಬಂತು. "ನಾ ಈ ಸಾಲು ತೋರಿಸಬೇಕಿತ್ತು ಅಕ್ಕಾ."

"ನೀ ಕತ್ತರಿಸ್ಲೇನು ಅಂತ ಕೇಳಿದ್ದಿ," ಎಂದೆ.

ಸಿದ್ರಾಮಪ್ಪ ಸಾಹೇಬರು ವರದಿಯ ಕರಡನ್ನು ತಾವೇ ಹೇಳಿ ಬರೆಸಲು ಕುಳಿತರು. "ಮ್ಯಾಲಿನ ಹಳ್ಳದಿಂದ ಆಕಸ್ಮಿಕ ನೀರು ಬಂತು ಅಂತ ಬರೀರಿ. ಸುಳ್ಳಲ್ಲ ಅದು. ಯಾರೂ ಸತ್ತಿಲ್ಲ. ನಿಮ್ ರಿಟಾಯರ್‌ಮೆಂಟ್ ಎರಡು ವರ್ಷ ಉಳದದ."

"ಆಕಸ್ಮಿಕ ಅಲ್ರಿ ಸಾಹೇಬ್ರ. ಒಂದೂವರೆ ದಿನದಿಂದ ಏರಾಕತ್ತಿತ್ತು. ನಮ್ಮ ಫೈಲಿನಾಗೇ ಅದ."

ಅವರು ಕನ್ನಡಕ ತೆಗೆದು ಒರೆಸಿದರು. "ಹಂಗಾರ ಹಳೇದು ಮ್ಯಾಲೆ ಅಂತ ಕಲಿಸಿದಾವನ ಹೆಸರೂ ಬರೀರಿ," ಎಂದು ಎದ್ದು ಹೋದರು. ನಾನು ಇದ್ದದ್ದನ್ನು ಬರೆದೆ. ಅವರ ಹೆಸರು ಬರೆಯಲಿಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೆ. ಭೀಮಣ್ಣನ ಮನೆಗೆ ಹೋಗಿ ಆ ಸೈದಾಪುರದ ಮಾತಿಗೆ ತಪ್ಪಾಯಿತು ಎಂದೆ. "ಲಗ್ನಕ್ಕ ಹೋಗಿದ್ದು ಖರೇನೇ ಅದಲ್ರಿ," ಎಂದು ಚಹಾ ಕುಡಿಸಿ ಕಳಿಸಿದ.

ಪದ್ಧತಿ ಬದಲಿಸಿದೆವು. ದೊಡ್ಡ ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು ಕಳಿಸುತ್ತಿದ್ದೆವು. ಕಳಿಸಿದ ಸಾಲು ಎಷ್ಟು, ಅವರು ಓದಿದ್ದು ಎಷ್ಟು ಎಂಬುದು ಪರದೆಯ ಮೇಲೆ ಅಂದಾಜಿಗಿಂತ ದೊಡ್ಡ ಅಕ್ಷರದಲ್ಲಿ ಬರುವಂತೆ ನಾಜ್ನೀನ್ ಮಾಡಿದಳು. ಎರಡೂ ಒಂದಾಗದಿದ್ದರೆ ಅಂದಾಜೇ ಕಾಣುವುದಿಲ್ಲ. ಅವರು ಕೊನೆಗೆ ಓದಿದ ಸಾಲಿನ ತಾರೀಖನ್ನು ಚೀಟಿಯಲ್ಲಿ ಕೈಯಿಂದ ಬರೆಯುವುದು ಕಡ್ಡಾಯವಾಯಿತು. ನಾನು ಗ್ರಾಫ್ ಹಾಳೆಗೆ ವಾಪಸಾದೆ. ಆ ಸೇವೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ತಾನು ಎಷ್ಟು ಓದಿದ್ದೇನೆ ಎಂದು ಹೇಳಿಯೇ ಇತ್ತು.

ಹೊಳೆ ಇಳಿದ ಮೇಲೆ ಮತ್ತೆ ಹೂಳು ಎತ್ತುವ ದಿನ ಬಂತು. ಕೂಲಿಯವರು ಬಂದರು, ಯಂಕಮ್ಮನೂ ಬಂದಿದ್ದಳು. ನಾನು ಚೀಟಿ ಚಾಚಿದೆ. ಅವಳು ತಗೊಳ್ಳಲಿಲ್ಲ.

"ಅದು ನಮಗ ಓದಾಕ ಬರಂಗಿಲ್ರಿ," ಎಂದಳು. "ಚೀಟಿ ಬರದುಕೊಟ್ಟವರು ಮೊದಲ ಇಳೀಲಿ. ನೀವು ಒಳಗ ಇರೋತನಕ ನಾವೂ ಇರ್ತೀವಿ."

ಯಾರೂ ನಗಲಿಲ್ಲ. ಜೀಪಿನ ಚಾಲಕ, "ಅಕ್ಕಾರಿಗೆ ವಯಸ್ಸಾಗ್ಯಾದ ಯಂಕಮ್ಮ," ಎಂದ.

"ನಾ ಏನ್ ಕೂಸಾ?" ಎಂದಳು ಅವಳು.

ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದೆ. ಮೂರನೆಯ ಮೆಟ್ಟಿಲಿಗೆ ನಿಂತು ಗೋಡೆ ಹಿಡಿದುಕೊಂಡೆ, ಮತ್ತೆ ಇಳಿದೆ. ಕೆಳಗಿನಿಂದ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟು ಮಾತ್ರ. ಹೊಳೆ ಕಾಣುವುದಿಲ್ಲ, ಒಡ್ಡಿನ ಚೀಲಗಳು ಮಾತ್ರ ಕಾಣುತ್ತವೆ. ಇಪ್ಪತ್ತೇಳು ವರ್ಷ ಚೀಟಿ ಬರೆದಿದ್ದೆ, ಅದು ಕೆಳಗಿನಿಂದ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಯಂಕಮ್ಮ ಹಿಂದೆಯೇ ಇಳಿದು ಬಂದು ನನ್ನ ಮಣಿಕಟ್ಟು ಹಿಡಿದಳು.

"ಅಂಜಿಕಿ ಬರಾಕತ್ತದೇನ್ರಿ?"

"ಬರಾಕತ್ತದ."

"ಅಂದ್ರ ಈ ಸಲ ಲೆಕ್ಕ ಬರೋಬ್ಬರಿ ನೋಡೀರಿ," ಎಂದು ಮೇಲೆ ನಿಂತಿದ್ದ ಹನ್ನೊಂದು ಜನಕ್ಕೆ ಕೈ ಮಾಡಿ ಕರೆದಳು. ನನ್ನ ಕೈಗೆ ಒಂದು ಬುಟ್ಟಿ ಕೊಟ್ಟಳು.